ದಿನಕ್ಕೊಂದು ಮಿಲಿಮೀಟರು

ನಮ್ಮ ನುಡಿಯಲ್ಲಿ ‘ನರ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತಿದೆ. ವೃದ್ಧರ ಮುಂಗೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವನ್ನು ನಾವು ನರವೆನ್ನುತ್ತೇವೆ. ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದುಕೊಂಡಿರುವ ಸ್ನಾಯುರಜ್ಜುವನ್ನೂ ನರವೆನ್ನುತ್ತೇವೆ. ಮಿದುಳಿನ ಆಜ್ಞೆಯನ್ನು ಬೆರಳ ತುದಿಗೆ ಒಯ್ದು, ಬೆರಳ ತುದಿಯ ಸ್ಪರ್ಶವನ್ನು ಮಿದುಳಿಗೆ ತಂದು ಮುಟ್ಟಿಸುವ ಬಿಳಿಯ ತಂತುವಿಗೂ ಅದೇ ಹೆಸರು. ಮೊದಲಿನೆರಡು ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಮೂರನೆಯದು ಮಾಂಸದ ಆಳದಲ್ಲಿ ಅಡಗಿರುತ್ತದೆ. ಅದು ಕೆಲಸ ಮಾಡುತ್ತಿರುವವರೆಗೆ ಅದರ ಇರವೇ ನಮಗೆ ತಿಳಿಯುವುದಿಲ್ಲ. ಕೆಟ್ಟ ದಿನವೇ ಅದರ ಪರಿಚಯವಾಗುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಈ ಮೂರನೆಯ ನರದ ವಿಚಾರವನ್ನು, ಮತ್ತು ಅದನ್ನು ಹೊಲಿಯುವ ವಿದ್ಯೆಯನ್ನು ಕಲಿಯಲು ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದ ನನ್ನ ಒಂದು ವರ್ಷದ ಅನುಭವವನ್ನು.

ಮಿದುಳಿನಿಂದಲೂ ಬೆನ್ನೆಲುಬಿನೊಳಗಿನ ಮಿದುಳುಬಳ್ಳಿಯಿಂದಲೂ ಹೊರಟು ಮುಖ, ಕೈ, ಕಾಲುಗಳಿಗೆ ಹರಡುವ ನರಗಳನ್ನು ವೈದ್ಯಶಾಸ್ತ್ರವು ಪೆರಿಫೆರಲ್ ನರಗಳೆಂದು ಕರೆಯುತ್ತದೆ. ಹೊರವಲಯದ ನರಗಳೆಂದು ನಾವು ಹೇಳಬಹುದು. ಮಿದುಳುಬಳ್ಳಿಯೇ ತುಂಡಾದರೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೆ ಹೊರವಲಯದ ನರಕ್ಕೆ ಮರಳಿ ಬೆಳೆಯುವ ಶಕ್ತಿಯುಂಟು. ಪ್ರಕೃತಿ ಕೊಟ್ಟಿರುವ ಈ ಒಂದು ಅವಕಾಶದ ಮೇಲೆಯೇ ನಾನು ಹೇಳಲಿರುವ ಶಸ್ತ್ರಚಿಕಿತ್ಸೆಯೆಲ್ಲವೂ ನಿಂತಿದೆ.

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಎಲುಬು-ಕೀಲುಗಳ ವೈದ್ಯನಾಗಿ ಹನ್ನೊಂದು ವರ್ಷ ದುಡಿದವನು. ಮುರಿದ ಎಲುಬನ್ನು ಕೂಡಿಸುವುದು ನನ್ನ ವೃತ್ತಿ. ಆ ವರ್ಷಗಳಲ್ಲಿ ದ್ವಿಚಕ್ರ ವಾಹನಗಳು ಹೆಚ್ಚಿದಂತೆ ಒಂದು ಬಗೆಯ ರೋಗಿಗಳೂ ಹೆಚ್ಚುತ್ತ ಬಂದರು. ಎಲ್ಲರೂ ಹೆಚ್ಚುಕಡಿಮೆ ಒಂದೇ ತರಹದವರು: ಇಪ್ಪತ್ತರ ಆಚೀಚೆಯ ಹುಡುಗರು, ಬೈಕಿನಿಂದ ಬಿದ್ದವರು, ಎಲುಬು ಮುರಿದಿದ್ದರೆ ಅದು ಕೂಡಿಕೊಂಡಿತ್ತು, ಗಾಯ ಮಾಯ್ದಿತ್ತು. ಆದರೆ ಒಂದು ತೋಳು ಮಾತ್ರ ಹೆಗಲಿನಿಂದ ಕೆಳಗೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತಿತ್ತು. ಜೊತೆಗೆ ಬಂದ ತಾಯಂದಿರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೈಗೆ ಜೀವಾ ಬರ್ತೈತೇನ್ರೀ ಸಾಹೇಬ್ರ?”

ನಾನು ಕಲಿತ ವಿದ್ಯೆ ಆ ಪ್ರಶ್ನೆಯವರೆಗೆ ಮುಟ್ಟುತ್ತಿರಲಿಲ್ಲ. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಿದ್ದೆ. ಬರೆದುಕೊಟ್ಟವರಲ್ಲಿ ಹೋದವರು ಕೆಲವರೇ. ಭಾಷೆ ಬಾರದ ಊರು, ಖರ್ಚು, ಹೊಲದ ಕೆಲಸ, ‘ತಾನಾಗಿಯೇ ಬರಬಹುದು’ ಎಂಬ ಆಸೆ, ಎಣ್ಣೆ ತಿಕ್ಕಿ ನೀವುವವರು ಕೊಟ್ಟ ಭರವಸೆ, ಇವೆಲ್ಲವೂ ಸೇರಿ ಅವರನ್ನು ಮನೆಯಲ್ಲಿಯೇ ಕೂರಿಸುತ್ತಿದ್ದವು. ಅವರಿಗಾಗಿ ನಾನೇ ಈ ವಿದ್ಯೆಯನ್ನು ಕಲಿತು ಬರಬೇಕೆಂಬ ಯೋಚನೆ ಎರಡು ವರ್ಷ ಮನಸ್ಸಿನಲ್ಲಿತ್ತು. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬಳಿಕ, ಮನೆಯವರ ಒಪ್ಪಿಗೆ ಪಡೆದು, ನಡೆಯುತ್ತಿದ್ದ ವೃತ್ತಿಯನ್ನು ಗೆಳೆಯರೊಬ್ಬರಿಗೆ ಒಪ್ಪಿಸಿ, ನೆರೆಯ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಫೆಲೋಶಿಪ್ ತರಬೇತಿಗೆ ಸೇರಿದೆ.

ಫೆಲೋಶಿಪ್ ಎಂಬುದನ್ನು ಕೆಲವರು ಬಹುಮಾನವೆಂದೋ ಪದವಿಯೆಂದೋ ತಿಳಿದಿರುತ್ತಾರೆ. ಅದು ಹಾಗಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಸ್ವತಂತ್ರವಾಗಿ ಕತ್ತರಿ ಹಿಡಿಯುವ ಅಧಿಕಾರವುಳ್ಳವನು, ಒಂದು ಸಣ್ಣ ಕ್ಷೇತ್ರವನ್ನು ಆಳವಾಗಿ ಅರಿಯಲು ಬಲ್ಲವರೊಬ್ಬರ ಬಳಿ ಮತ್ತೆ ಕೈಕಟ್ಟಿ ನಿಲ್ಲುವುದೇ ಫೆಲೋಶಿಪ್ಪು. ಅಕ್ಕಸಾಲಿಗನ ಮಗ ತಂದೆಯ ಎದುರು ಕುಳಿತು ಕಲಿಯುವ ಕ್ರಮಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಪುಸ್ತಕದಿಂದ ಬರುವುದು ಇದರಲ್ಲಿ ಕಾಲು ಭಾಗ ಮಾತ್ರ.

ಈ ಶಾಸ್ತ್ರ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಮುಂದಿನ ಮಾತು ಸುಲಭವಾದೀತು. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವಿಜ್ಞಾನಿ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಗಮನಿಸಿದನು. ಕತ್ತರಿಸಿದ ಸ್ಥಳದಿಂದ ಆಚೆಯ ತಂತುಗಳು ನಶಿಸಿಹೋಗುವುದನ್ನು ಅವನು ಕಂಡನು. ತಂತುವಿನ ಜೀವವಿರುವುದು ಅದರ ಮೂಲಕೋಶದಲ್ಲಿ. ಮೂಲದಿಂದ ಕಡಿದದ್ದು ಒಣಗುತ್ತದೆ, ಮೂಲಕ್ಕೆ ಅಂಟಿಕೊಂಡಿರುವುದು ಮತ್ತೆ ಚಿಗುರುತ್ತದೆ. ಒಣಗಿದ ತಂತುಗಳಿದ್ದ ಪೊರೆಯ ಕೊಳವೆಗಳು ಮಾತ್ರ ಖಾಲಿಯಾಗಿ ಉಳಿದಿರುತ್ತವೆ. ಹೊಸ ಚಿಗುರು ಆ ಕೊಳವೆಗಳನ್ನು ಹಿಡಿದು ಮುಂದೆ ಸಾಗಬೇಕು. ನರವನ್ನು ಹೊಲಿಯುವುದೆಂದರೆ ವಾಸ್ತವವಾಗಿ ತಂತುಗಳನ್ನು ಜೋಡಿಸುವುದಲ್ಲ. ಚಿಗುರಿಗೆ ದಾರಿ ಸಿಗುವಂತೆ ಕೊಳವೆಗಳ ಬಾಯಿಗೆ ಬಾಯಿ ಹೊಂದಿಸಿಡುವುದು. ಬೆಳೆಯುವ ಕೆಲಸ ರೋಗಿಯ ದೇಹದ್ದು.

ಮುಂದಿನ ಜ್ಞಾನವು ಬಹುಮಟ್ಟಿಗೆ ಯುದ್ಧಗಳ ಗಾಯಾಳುಗಳಿಂದ ಬಂದಿತೆಂಬುದು ವಿಷಾದದ ಸಂಗತಿ. 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಫ್ರಾನ್ಸಿನ ಟಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಎಂಬ ಇಬ್ಬರು ವೈದ್ಯರು, ಶತ್ರುಪಕ್ಷಗಳಲ್ಲಿದ್ದುಕೊಂಡೇ, ಒಬ್ಬರನ್ನೊಬ್ಬರು ಅರಿಯದೆ ಒಂದೇ ಸತ್ಯವನ್ನು ಬರೆದಿಟ್ಟರು. ನರದ ದಾರಿಗುಂಟ ಬೆರಳಿನಿಂದ ಮೆಲ್ಲನೆ ತಟ್ಟುತ್ತ ಹೋದರೆ ಚಿಗುರಿನ ತುದಿ ಇರುವಲ್ಲಿ ರೋಗಿಗೆ ಜುಮ್ಮೆನ್ನುತ್ತದೆ ಎಂಬುದೇ ಆ ಸತ್ಯ. ಎರಡನೆಯ ಮಹಾಯುದ್ಧದ ಕಾಲಕ್ಕೆ ಆಕ್ಸ್‌ಫರ್ಡಿನಲ್ಲಿ ಗಾಯಗೊಂಡ ಸೈನಿಕರ ನರಗಳನ್ನು ಪರೀಕ್ಷಿಸುತ್ತಿದ್ದ ಹರ್ಬರ್ಟ್ ಸೆಡನ್ ಎಂಬ ಶಸ್ತ್ರವೈದ್ಯರು 1943ರಲ್ಲಿ ನರದ ಪೆಟ್ಟುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ನರ ಇಡಿಯಾಗಿದ್ದು ಸಂದೇಶ ಮಾತ್ರ ನಿಂತಿರುತ್ತದೆ. ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ತಂತು ಕಡಿದು ಹೊರಗಿನ ಪೊರೆ ಉಳಿದಿರುತ್ತದೆ; ನಿಧಾನವಾಗಿ ಚಿಗುರಿ ಸರಿಹೋಗುತ್ತದೆ. ಮೂರನೆಯದರಲ್ಲಿ ಎಲ್ಲವೂ ಕಡಿದಿರುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಸರಿಹೋಗುವುದಿಲ್ಲ. 1951ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಸಂಡರ್‌ಲ್ಯಾಂಡರು ಇದನ್ನೇ ಇನ್ನೂ ಸೂಕ್ಷ್ಮವಾಗಿ ಐದು ಹಂತಗಳಾಗಿ ವಿವರಿಸಿದರು. ಇಂದಿಗೂ ನಮ್ಮ ಪಾಠ ಆರಂಭವಾಗುವುದು ಈ ವಿಂಗಡಣೆಯಿಂದಲೇ.

ತೊಡಕಿರುವುದು ಎಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಪೆಟ್ಟು ಬಿದ್ದ ಮರುದಿನ ಮೂರು ಬಗೆಯವರ ಕೈಯೂ ಒಂದೇ ರೀತಿಯಲ್ಲಿ ಜೋತುಬಿದ್ದಿರುತ್ತದೆ. ಚರ್ಮ ಹರಿಯದೆ ಒಳಗೆ ಎಳೆತಕ್ಕೆ ಸಿಕ್ಕಿದ ನರ ಯಾವ ಬಗೆಯದೆಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಬೇಗನೆ ಕೊಯ್ದರೆ ತಾನಾಗಿ ಸರಿಹೋಗಲಿದ್ದ ನರಕ್ಕೆ ಹಾನಿಯಾದೀತು. ಬಹಳ ಕಾಲ ಕಾದರೆ ಅವಕಾಶವೇ ಕಳೆದುಹೋದೀತು. ಈ ಎರಡರ ನಡುವೆ ಸರಿಯಾದ ದಿನವನ್ನು ಗುರುತಿಸುವುದೇ ನನ್ನ ಒಂದು ವರ್ಷದ ವಿದ್ಯಾಭ್ಯಾಸದ ತಿರುಳಾಗಿತ್ತು. ಆದರೆ ಸೇರಿದ ದಿನ ಅದು ನನಗೆ ಗೊತ್ತಿರಲಿಲ್ಲ. ಕಲಿಯಬೇಕಾದದ್ದು ಹೊಲಿಗೆಯೆಂದೇ ನಾನು ಭಾವಿಸಿದ್ದೆ.

ಹೊಲಿಗೆಯ ಪಾಠವೂ ಸಣ್ಣದೇನಲ್ಲ. ನರವನ್ನು ಹೊಲಿಯುವ ನೈಲಾನ್ ದಾರದಲ್ಲಿ ಹತ್ತು-ಸೊನ್ನೆ ಎಂಬ ಸಂಖ್ಯೆಯದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ 20ರಿಂದ 29 ಭಾಗದಷ್ಟು ದಪ್ಪವಿರುತ್ತದೆ. ನಮ್ಮ ತಲೆಗೂದಲು ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು ದಪ್ಪ. ಬರಿಗಣ್ಣಿಗೆ ಆ ದಾರ ಇದ್ದೂ ಇಲ್ಲದಂತೆ. ಸೂಕ್ಷ್ಮದರ್ಶಕದ ಕೆಳಗೆ ಅದು ಹಗ್ಗದಂತೆ ಕಾಣುತ್ತದೆ. ಆದರೆ ನಮ್ಮ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ! ಹನ್ನೊಂದು ವರ್ಷ ಸುತ್ತಿಗೆ, ಕೊರೆಯುವ ಯಂತ್ರ, ತಿರುಪುಮೊಳೆಗಳನ್ನು ಹಿಡಿದಿದ್ದ ಈ ಕೈಗೆ ಅದು ಹೊಸ ಲೋಕವಾಗಿತ್ತು. ಮೊದಲ ಎರಡು ವಾರ ನಮಗೆ ಕೊಟ್ಟದ್ದು ಶಸ್ತ್ರವೈದ್ಯರ ರಬ್ಬರಿನ ಕೈಚೀಲದ ಒಂದು ತುಂಡನ್ನು. ಅದರಲ್ಲಿ ಸೀಳು ಮಾಡಿ ಹೊಲಿಯಬೇಕು, ಬಿಚ್ಚಬೇಕು, ಮತ್ತೆ ಹೊಲಿಯಬೇಕು. ಆಮೇಲೆ ಕೋಳಿಯ ತೊಡೆಯೊಳಗಿನ ನರ. ಅದು ಕೈವಶವಾದ ನಂತರ, ಅನುಮತಿ ಪಡೆದ ಪ್ರಯೋಗಶಾಲೆಯಲ್ಲಿ, ಅರಿವಳಿಕೆ ಕೊಟ್ಟ ಇಲಿಯ ತೊಡೆಯ ನರ. ಅದರ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರು. ನನ್ನ ಜೊತೆಗಿದ್ದವರು ನನಗಿಂತ ಹತ್ತು ವರ್ಷ ಕಿರಿಯರು. ಅವರ ಕೈ ನನ್ನದಕ್ಕಿಂತ ಬೇಗ ಪಳಗಿತು. ಉಸಿರನ್ನು ಹೇಗೆ ಬಿಡಬೇಕು, ಮುಂಗೈಯನ್ನು ಮೇಜಿಗೆ ಹೇಗೆ ಊರಬೇಕು, ಬೆರಳುಗಳನ್ನು ಮಾತ್ರ ಹೇಗೆ ಆಡಿಸಬೇಕು ಎಂಬುದನ್ನು ಆ ಕಿರಿಯರನ್ನು ನೋಡಿಯೇ ನಾನು ಕಲಿತೆ.

ಹೊಲಿಗೆ ಕೈಗೆ ಬಂದಾಗ ಗುರುಗಳು ಹೊಲಿಗೆಯ ಮಿತಿಯನ್ನು ತೋರಿಸಿದರು. ಕಡಿದ ನರದ ಎರಡು ತುದಿಗಳು ದೂರ ಸರಿದಿದ್ದರೆ ಅವನ್ನು ಎಳೆದು ತಂದು ಹೊಲಿಯಬಾರದು. ಎಳೆತದಲ್ಲಿರುವ ಹೊಲಿಗೆಯಲ್ಲಿ ರಕ್ತಸಂಚಾರ ಕುಗ್ಗಿ, ಗಂಟುಗಟ್ಟಿ, ಚಿಗುರು ಅಲ್ಲಿಯೇ ಸಿಕ್ಕಿಬೀಳುತ್ತದೆ. ವಿಯೆನ್ನಾದ ಹಾನ್ನೊ ಮಿಲ್ಲೆಸಿ ಎಂಬ ಶಸ್ತ್ರವೈದ್ಯರು ಇದನ್ನು ತೋರಿಸಿ, ನಡುವಿನ ಅಂತರಕ್ಕೆ ಬೇರೆಡೆಯ ನರದ ತುಂಡುಗಳನ್ನು ಸೇತುವೆಯಾಗಿ ಇಡುವ ಕ್ರಮವನ್ನು 1972ರಲ್ಲಿ ವಿವರವಾಗಿ ಪ್ರಕಟಿಸಿದರು. ಆ ಸೇತುವೆಗೆ ನರವನ್ನು ತೆಗೆಯುವುದು ಸಾಮಾನ್ಯವಾಗಿ ಮೀನಖಂಡದ ಹಿಂಬದಿಯಿಂದ. ಅದನ್ನು ಕಳೆದುಕೊಂಡವನಿಗೆ ಪಾದದ ಹೊರ ಅಂಚಿನಲ್ಲಿ ಸ್ವಲ್ಪ ಮರಗಟ್ಟಿದಂತಾಗುತ್ತದೆ, ನಡಿಗೆಗೆ ಕುಂದಿಲ್ಲ. ಕಾಲು ತನ್ನದೊಂದಿಷ್ಟನ್ನು ಬಿಟ್ಟುಕೊಟ್ಟು ಕೈಯನ್ನು ಉಳಿಸುತ್ತದೆ.

ಬೈಕಿನಿಂದ ಬಿದ್ದವರ ವಿಷಯದಲ್ಲಿ ಈ ಸೇತುವೆಯೂ ಹಲವೊಮ್ಮೆ ಸಾಲದು. ಕುತ್ತಿಗೆಯ ಕೊನೆಯ ನಾಲ್ಕು ಮತ್ತು ಎದೆಯ ಮೊದಲನೆಯದು, ಹೀಗೆ ಐದು ನರಬೇರುಗಳು ಸೇರಿ ತೋಳಿನ ನರಜಾಲವಾಗುತ್ತದೆ. ಸವಾರನು ಹೆಗಲಿನ ಮೇಲೆ ಬಿದ್ದಾಗ ತಲೆ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ಸೆಳೆಯಲ್ಪಟ್ಟು ಈ ಬೇರುಗಳು ಎಳೆದುಹೋಗುತ್ತವೆ; ಕೆಲವರಲ್ಲಿ ಮಿದುಳುಬಳ್ಳಿಯಿಂದಲೇ ಕಿತ್ತುಬರುತ್ತವೆ. ಶಿರಸ್ತ್ರಾಣವು ತಲೆಯನ್ನು ಉಳಿಸುತ್ತದೆ, ಅದನ್ನು ಧರಿಸಲೇಬೇಕು. ಆದರೆ ಈ ಬೇರುಗಳನ್ನು ಅದು ಕಾಯಲಾರದು. ಬೇರೇ ಕಿತ್ತುಬಂದ ಮೇಲೆ ಯಾವುದಕ್ಕೆ ಯಾವುದನ್ನು ಹೊಲಿಯುವುದು? ಅಂಥಲ್ಲಿ ಕೆಲಸ ಮಾಡುತ್ತಿರುವ ನೆರೆಯ ನರದಿಂದ ಸಾಲ ಪಡೆಯುತ್ತಾರೆ. 1994ರಲ್ಲಿ ಪ್ಯಾರಿಸಿನ ಕ್ರಿಸ್ತೋಫ್ ಒಬರ್ಲಿನ್ ಎಂಬವರು ಮಾದರಿಯಾಗುವಂಥ ಒಂದು ಸಾಲದ ಕ್ರಮವನ್ನು ಪ್ರಕಟಿಸಿದರು. ಮುಷ್ಟಿ ಹಿಡಿಯಲು ನೆರವಾಗುವ ಅಲ್ನಾರ್ ನರ ಸರಿಯಾಗಿದ್ದರೆ, ಅದರೊಳಗಿನ ಒಂದೆರಡು ಎಳೆಗಳನ್ನು ಮಾತ್ರ ಬಿಡಿಸಿ, ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ತೋಳಿನ ನಡುವಿನಲ್ಲಿಯೇ ಜೋಡಿಸುವುದು. ಉಳಿದ ಎಳೆಗಳು ಮುಷ್ಟಿಯ ಕೆಲಸವನ್ನು ನಿಭಾಯಿಸುತ್ತವೆ. ಜೋಡಣೆ ಸ್ನಾಯುವಿನ ಸಮೀಪದಲ್ಲಿಯೇ ಆಗುವುದರಿಂದ ಚಿಗುರು ಸಾಗಬೇಕಾದ ದಾರಿ ಬಹಳ ಕಡಿಮೆ.

ದಾರಿ ಕಡಿಮೆಯಾಗುವುದಕ್ಕೆ ಇಷ್ಟೊಂದು ಬೆಲೆ ಏಕೆ? ಈ ಲೇಖನದ ಶೀರ್ಷಿಕೆಯಲ್ಲಿ ಅದರ ಉತ್ತರವಿದೆ. ನರದ ಚಿಗುರು ಸುಮಾರಾಗಿ ದಿನಕ್ಕೆ ಒಂದು ಮಿಲಿಮೀಟರು ಬೆಳೆಯುತ್ತದೆ. ತಿಂಗಳಿಗೆ ಒಂದು ಅಂಗುಲವೆಂದು ಲೆಕ್ಕ. ಕುತ್ತಿಗೆಯಲ್ಲಿ ಹೊಲಿದ ನರ ಅಂಗೈಯನ್ನು ಮುಟ್ಟಲು ಎರಡು ವರ್ಷ ಬೇಕು. ಇತ್ತ ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸುಮ್ಮನೆ ಕಾಯುತ್ತ ಕೂರುವುದಿಲ್ಲ. ದಿನದಿನಕ್ಕೆ ಸೊರಗುತ್ತದೆ, ನರವನ್ನು ಬರಮಾಡಿಕೊಳ್ಳುವ ಅದರ ದ್ವಾರಗಳು ಸುಮಾರು ಹನ್ನೆರಡರಿಂದ ಹದಿನೆಂಟು ತಿಂಗಳುಗಳಲ್ಲಿ ಮುಚ್ಚಿಹೋಗುತ್ತವೆ. ಆಮೇಲೆ ಚಿಗುರು ಬಂದು ತಲಪಿದರೂ ಮನೆಯ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಮುಚ್ಚಿದ ಗಾಯದಲ್ಲಿ ಸುಮಾರು ಮೂರು ತಿಂಗಳು ಪರೀಕ್ಷಿಸುತ್ತ ಕಾಯುವುದು, ಚೇತರಿಕೆಯ ಸುಳಿವು ಕಾಣದಿದ್ದರೆ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ಸಾಮಾನ್ಯ ನಿಯಮ. ಬೇರು ಕಿತ್ತಿರುವುದು ಖಚಿತವಾದರೆ ಅಷ್ಟು ಸಹ ಕಾಯಬೇಕಾಗಿಲ್ಲ. ಗಾಜು, ಚಾಕು, ಕುಡುಗೋಲುಗಳಿಂದ ನೇರವಾಗಿ ಕಡಿದ ನರವನ್ನಂತೂ ಕೆಲವೇ ದಿನಗಳಲ್ಲಿ ಹೊಲಿಯಬೇಕು.

ಆ ಆಸ್ಪತ್ರೆಯಲ್ಲಿ ಗುರುಗಳು ಇಟ್ಟಿದ್ದ ಒಂದು ಕಟ್ಟಳೆಯಿತ್ತು. ರೋಗಿಯ ಹೆಸರನ್ನು ಬರೆಯುವ ಮುಂಚೆಯೇ ಕಡತದ ನೆತ್ತಿಯ ಮೇಲೆ ಪೆಟ್ಟು ಬಿದ್ದ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಅದರ ಪಕ್ಕದಲ್ಲಿ ಇಂದಿಗೆ ಎಷ್ಟು ವಾರವಾಯಿತೆಂದು ಬರೆಯಬೇಕು. “ನಿಮ್ಮ ಕೈ ಎಷ್ಟೇ ನಯವಾಗಿದ್ದರೂ ಈ ಅಂಕಿಯನ್ನು ಅದು ತಿದ್ದಲಾರದು” ಎಂದು ಅವರು ಹೇಳುತ್ತಿದ್ದರು. ಮೂರು ವಾರ ಕಳೆದ ಮೇಲೆ ವಿದ್ಯುತ್ ಪರೀಕ್ಷೆ; ತಿಂಗಳಿಗೊಮ್ಮೆ ಒಂದೊಂದು ಸ್ನಾಯುವಿನ ಬಲವನ್ನು ಅಳೆದು ಬರೆಯುವುದು; ಬೆರಳಿನಿಂದ ತಟ್ಟಿ, ಜುಮ್ಮೆನ್ನುವ ಜಾಗ ಕಳೆದ ತಿಂಗಳಿಗಿಂತ ಎಷ್ಟು ಮುಂದೆ ಸರಿದಿದೆಯೆಂದು ಟೇಪು ಹಿಡಿದು ನೋಡುವುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಂಟು, ಹತ್ತು ಗಂಟೆ ನಿಂತ ದಿನಗಳಿಗಿಂತ ಈ ಹೊರರೋಗಿಗಳ ಕೋಣೆಯ ದಿನಗಳೇ ನನಗೆ ಹೆಚ್ಚು ಕಲಿಸಿದವು. ಯಾರನ್ನು ಇಂದು ಕೊಯ್ಯಬೇಕು, ಯಾರನ್ನು ಇನ್ನೊಂದು ತಿಂಗಳು ಕಾಯಿಸಬೇಕು, ಯಾರಿಗೆ ನರದ ಶಸ್ತ್ರಚಿಕಿತ್ಸೆಯೇ ಬೇಡ ಎಂಬುದು ಅಲ್ಲಿ ನಿರ್ಣಯವಾಗುತ್ತಿತ್ತು.

ಇಬ್ಬರು ರೋಗಿಗಳ ಮಾತನ್ನು ಹೇಳುತ್ತೇನೆ. ಮೊದಲನೆಯವನು ಸರಕಿನ ಗಾಡಿ ಓಡಿಸುತ್ತಿದ್ದ ಇಪ್ಪತ್ಮೂರರ ತರುಣ. ಪೆಟ್ಟು ಬಿದ್ದು ನಾಲ್ಕು ತಿಂಗಳಾಗಿತ್ತು. ಬೆರಳುಗಳಾಡುತ್ತಿದ್ದವು, ಹೆಗಲೇಳುತ್ತಿರಲಿಲ್ಲ, ಮೊಣಕೈ ಮಡಿಯುತ್ತಿರಲಿಲ್ಲ. ಬಲಗೈಯಲ್ಲಿ ಅನ್ನ ಕಲಸಬಲ್ಲ, ಬಾಯಿಗೆ ಒಯ್ಯಲಾರ. ಅವನಿಗೆ ನಾನು ಮೇಲೆ ಹೇಳಿದ ಸಾಲದ ಜೋಡಣೆಯನ್ನೂ ಹೆಗಲಿಗೆ ಅಂಥದೇ ಇನ್ನೊಂದನ್ನೂ ಮಾಡಲಾಯಿತು. ಐದನೆಯ ತಿಂಗಳು ಅವನು ಬಂದಾಗ ಗುರುಗಳು ನನ್ನ ಬೆರಳುಗಳನ್ನು ಅವನ ತೋಳಿನ ಮೇಲಿರಿಸಿ, “ಮುಷ್ಟಿ ಬಿಗಿ ಹಿಡಿ” ಎಂದು ಅವನಿಗೆ ಹೇಳಿದರು. ಅವನು ಮುಷ್ಟಿ ಬಿಗಿದ. ನನ್ನ ಬೆರಳ ಕೆಳಗೆ ಸ್ನಾಯು ಸಣ್ಣಗೆ ಮಿಡುಕಿತು. ಮುಷ್ಟಿ ಹಿಡಿಯೆಂದರೆ ಮೊಣಕೈಯ ಸ್ನಾಯು ಎಚ್ಚರಗೊಳ್ಳುತ್ತದೆ, ಏಕೆಂದರೆ ಸಾಲ ಬಂದದ್ದು ಮುಷ್ಟಿಯ ನರದಿಂದ. ಮಿದುಳಿಗೆ ಈ ಹೊಸ ದಾರಿಯನ್ನು ತಿಂಗಳುಗಟ್ಟಲೆ ಅಭ್ಯಾಸದಿಂದ ಕಲಿಸಬೇಕು. ಕ್ರಮೇಣ ಮುಷ್ಟಿಯ ನೆನಪಿಲ್ಲದೆಯೇ ಮೊಣಕೈ ಮಡಿಯುವಂತಾಗುತ್ತದೆ. ಈ ಕಲಿಕೆಯ ಭಾರ ಹೊರುವವರು ವ್ಯಾಯಾಮ ಚಿಕಿತ್ಸಕರು. ಅವರಿಲ್ಲದೆ ಶಸ್ತ್ರವೈದ್ಯನ ಶ್ರಮ ಅರ್ಧಕ್ಕೇ ನಿಲ್ಲುತ್ತದೆ. ವರ್ಷ ತುಂಬುವ ಹೊತ್ತಿಗೆ ಆ ತರುಣ ಚಹದ ಲೋಟವನ್ನು ತುಟಿಗೆ ಒಯ್ಯುತ್ತಿದ್ದ.

ಎರಡನೆಯವರು ನಮ್ಮ ಕಡೆಯವರೇ, ನಲವತ್ತು ದಾಟಿದ ಒಬ್ಬ ರೈತರು. ಅವರ ಕಡತದ ಮೇಲೆ ಕೆಂಪು ಶಾಯಿಯ ಅಂಕಿ ಅರವತ್ತೊಂದು ವಾರ ಎಂದಿತ್ತು, ಹದಿನಾಲ್ಕು ತಿಂಗಳು. ತೋಳು ಪೂರ್ತಿಯಾಗಿ ಸೊರಗಿತ್ತು. ಕಿತ್ತ ಬೇರಿನ ಉರಿನೋವಿನಿಂದ ಅವರಿಗೆ ರಾತ್ರಿ ನಿದ್ರೆಯಿರಲಿಲ್ಲ. ಒಂದು ಎತ್ತನ್ನು ಮಾರಿ ಅಷ್ಟು ದೂರ ಬಂದಿದ್ದರು. ಗುರುಗಳು ಎರಡು ಬಾರಿ ಪರೀಕ್ಷಿಸಿ, ನನ್ನತ್ತ ತಿರುಗಿ, “ನರ ಹೊಲಿಯುವ ಕಾಲ ಮುಗಿದಿದೆ. ಇದನ್ನು ಅವರ ಭಾಷೆಯಲ್ಲಿ ನೀವೇ ಹೇಳಿರಿ” ಎಂದರು. ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಇದಕ್ಕ ಒಂದು ವಾಯಿದೆ ಐತಿ ಅಂತ ನಮಗ ಯಾರೂ ಹೇಳಲಿಲ್ಲಲ್ರೀ” ಎಂದರು.

ಆ ಮಾತು ನನ್ನಲ್ಲಿ ನಿಂತುಬಿಟ್ಟಿತು. ಅವರು ಹೋಗದ ಆಸ್ಪತ್ರೆಯಿಲ್ಲ, ಮುರಿದ ಎಲುಬಿಗೆ ಕಬ್ಬಿಣ ಹಾಕಿಸಿಕೊಂಡಿದ್ದರು, ಗುಳಿಗೆಗಳನ್ನು ನುಂಗಿದ್ದರು, ಎಣ್ಣೆ ತಿಕ್ಕಿಸಿಕೊಂಡಿದ್ದರು. ಯಾರೂ ಅವರಿಗೆ ಕೆಡುಕನ್ನು ಬಯಸಿದವರಲ್ಲ. ವಾಯಿದೆಯ ಮಾತು ಮಾತ್ರ ಯಾರ ಬಾಯಿಂದಲೂ ಬಂದಿರಲಿಲ್ಲ. ಅವರಿಗೆ ಉಳಿದಿದ್ದ ದಾರಿ ಬೇರೆಯದು. ತೊಡೆಯ ಒಳಬದಿಯ ಒಂದು ತೆಳು ಸ್ನಾಯುವನ್ನು ಅದರ ರಕ್ತನಾಳ ಮತ್ತು ನರಗಳ ಸಮೇತ ತೆಗೆದು ತೋಳಿನಲ್ಲಿಟ್ಟು, ಪಕ್ಕೆಲುಬುಗಳ ನಡುವಿನ ನರದಿಂದ ಅದಕ್ಕೆ ಜೀವ ಕೊಡುವುದು. ಹೊಸದಾಗಿ ತಂದ ಸ್ನಾಯುವಾದ್ದರಿಂದ ಅದರ ಬಾಗಿಲು ಮುಚ್ಚಿರುವುದಿಲ್ಲ. ಅವರು ಊರಿಗೆ ಹೋಗಿ, ಮೂರು ವಾರದ ಮೇಲೆ ಅಣ್ಣನನ್ನು ಕರೆದುಕೊಂಡು ಬಂದು ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇಂದು ಅವರ ಮೊಣಕೈ ಲಂಬಕೋನದವರೆಗೆ ಮಡಿಯುತ್ತದೆ. ಮುಂಗೈಯ ಮೇಲೆ ಚೀಲವನ್ನು ತೂಗುಹಾಕಿಕೊಂಡು ಸಂತೆಗೆ ಹೋಗುತ್ತಾರೆ. ಬೆರಳುಗಳು ಆಡುವುದಿಲ್ಲ, ಇನ್ನು ಆಡುವುದೂ ಇಲ್ಲ.

ಕಾಲ ಮೀರಿದ ಕೈಗೂ ಏನಾದರೂ ಮಾಡಬಹುದೆಂಬ ಧೈರ್ಯವನ್ನು ಜಗತ್ತಿಗೆ ಕೊಟ್ಟವರಲ್ಲಿ ನಮ್ಮ ದಕ್ಷಿಣ ಭಾರತದಲ್ಲಿ ದುಡಿದ ಒಬ್ಬರಿದ್ದಾರೆಂಬುದನ್ನು ಇಲ್ಲಿ ಸ್ಮರಿಸಬೇಕು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬೆರಳುಗಳನ್ನು ರೋಗವೇ ತಿಂದುಹಾಕುತ್ತದೆಂದು ಜನ ನಂಬಿದ್ದ ಕಾಲವದು. ರೋಗವು ಕೆಡಿಸುವುದು ನರವನ್ನು. ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನೂ ಮೊನಚಾದ ಹಿಡಿಯನ್ನೂ ಬಿಡದೆ ಹಿಡಿದು ಗಾಯಗೊಂಡು, ಆ ಗಾಯಗಳು ಕೀವುಗಟ್ಟಿ ಬೆರಳುಗಳು ನಾಶವಾಗುತ್ತವೆಂದು ಅವರು ತೋರಿಸಿಕೊಟ್ಟರು. ಮಡಚಿಹೋದ ಬೆರಳುಗಳನ್ನು, ಬಲವುಳ್ಳ ಸ್ನಾಯುವಿನ ರಜ್ಜುವನ್ನು ಬೇರೆಡೆಯಿಂದ ತಿರುಗಿಸಿ ಜೋಡಿಸುವ ಮೂಲಕ ನೆಟ್ಟಗಾಗಿಸಿದರು. ಅವರ ನೂರಾರು ರೋಗಿಗಳು ಮತ್ತೆ ದುಡಿದು ಉಂಡರು. ನಮ್ಮ ದೇಶವು 2005ರ ಕೊನೆಗೆ ಕುಷ್ಠವು ಸಾರ್ವಜನಿಕ ಸಮಸ್ಯೆಯ ಮಟ್ಟದಿಂದ ಕೆಳಗಿಳಿಯಿತೆಂದು ಸಾರಿತು; ಆದರೂ ಹೊಸ ರೋಗಿಗಳು ಈಗಲೂ ಬರುತ್ತಲೇ ಇದ್ದಾರೆ. ಮೊಣಕೈಯ ಹಿಂದೆ ದಪ್ಪಗಾದ ನರ, ಸ್ಪರ್ಶ ತಿಳಿಯದ ಮಚ್ಚೆ, ಮಡಚುತ್ತಿರುವ ಕಿರುಬೆರಳು, ಇವುಗಳಲ್ಲಿ ಒಂದು ಕಂಡರೂ ನಾಚದೆ ವೈದ್ಯರಲ್ಲಿಗೆ ಹೋಗಬೇಕು. ಔಷಧವು ಉಚಿತವಾಗಿ ಸಿಗುತ್ತದೆ, ರೋಗ ಗುಣವಾಗುತ್ತದೆ.

ಈ ವಿದ್ಯೆ ಇಷ್ಟು ಉಪಕಾರಿಯಾಗಿದ್ದರೂ ಕಲಿಯುವವರು ಕಡಿಮೆಯೇಕೆ ಎಂದು ತಾವು ಕೇಳಬಹುದು. ಎಲುಬನ್ನು ಕೂಡಿಸಿದವನಿಗೆ ಮರುದಿನದ ಎಕ್ಸ್-ರೇಯಲ್ಲಿಯೇ ಫಲ ಕಾಣುತ್ತದೆ. ಕಣ್ಣಿನ ಪೊರೆ ತೆಗೆದವನಿಗೆ ಪಟ್ಟಿ ಬಿಚ್ಚಿದಾಗ ಕಾಣುತ್ತದೆ. ನರವನ್ನು ಹೊಲಿದವನು ಹತ್ತು ಗಂಟೆ ನಿಂತು, ಫಲವನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಕಾಯಬೇಕು. ಫಲವೂ ಪೂರ್ಣವಾಗಿರುವುದು ಅಪರೂಪ. ರೋಗಿಗಳು ಬಹುಪಾಲು ದುಡಿದುಣ್ಣುವ ಬಡವರು. ಇಂಥ ಕೆಲಸದಲ್ಲಿ ಧನವೂ ಕೀರ್ತಿಯೂ ತಡವಾಗಿ ಬರುತ್ತವೆ, ಅಥವಾ ಬರುವುದೇ ಇಲ್ಲ. ಹೀಗಾಗಿ ಈ ತರಬೇತಿ ದೊರೆಯುವ ಸ್ಥಳಗಳು ಕೆಲವೇ, ಅವೂ ಮಹಾನಗರಗಳಲ್ಲಿ. ಕಲಿತವರಲ್ಲಿ ಜಿಲ್ಲಾ ಕೇಂದ್ರಕ್ಕೆ ಮರಳುವವರು ಇನ್ನೂ ಕಡಿಮೆ. ನನ್ನ ಗೆಳೆಯರು ಕೆಲವರು, “ಆ ವಯಸ್ಸಿನಲ್ಲಿ ಒಂದು ವರ್ಷದ ಸಂಪಾದನೆಯನ್ನು ಕಳೆದುಕೊಂಡೆಯಲ್ಲ” ಎಂದು ಮರುಗಿದರು. ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅನ್ನ ಬಾಯಿಗೆ ಒಯ್ಯಲಾರದವನು ಒಯ್ಯುವಂತಾದುದನ್ನು ಆ ಲೆಕ್ಕದ ಯಾವ ಕಟ್ಟಿನಲ್ಲಿ ಬರೆಯಬೇಕೋ ನನಗೆ ತಿಳಿಯದು.

ಊರಿಗೆ ಮರಳಿ ಬಂದ ನಾನು ಎಲ್ಲವನ್ನೂ ಇಲ್ಲಿಯೇ ಮಾಡುತ್ತೇನೆಂದು ಹೇಳುವುದಿಲ್ಲ. ಕಡಿದ ನರವನ್ನು ಹೊಲಿಯುತ್ತೇನೆ. ಸಮೀಪದ ಸಾಲದ ಜೋಡಣೆಯನ್ನು ಮಾಡುತ್ತೇನೆ. ಅದಕ್ಕೂ ಮೀರಿದುದನ್ನು ಕಲಿತಲ್ಲಿಗೇ ಕಳುಹಿಸುತ್ತೇನೆ. ನನ್ನ ಕಡತಗಳ ನೆತ್ತಿಯ ಮೇಲೆಯೂ ಈಗ ಕೆಂಪು ಶಾಯಿಯ ದಿನಾಂಕವಿದೆ. ಆದರೆ ಒಬ್ಬ ವೈದ್ಯನ ಕಡತ ಎಷ್ಟು ಜನರನ್ನು ಮುಟ್ಟೀತು? ಈ ಪತ್ರಿಕೆ ಹಳ್ಳಿಹಳ್ಳಿಗೆ ಹೋಗುತ್ತದೆ. ಒಬ್ಬರು ಓದಿ ಹತ್ತು ಜನರಿಗೆ ಹೇಳುತ್ತಾರೆ. ಆದ್ದರಿಂದ ವಾಚಕರಲ್ಲಿ ಕೆಲವು ಮಾತುಗಳನ್ನು ಬಿನ್ನವಿಸುತ್ತೇನೆ.

ಬಿದ್ದು ಪೆಟ್ಟಾದವರ ಕೈಯೋ ಪಾದವೋ ಎತ್ತಲು ಬಾರದಂತಾದರೆ, ಎಲುಬು ಕೂಡಿದ ಮಾತ್ರಕ್ಕೆ ಸಮಾಧಾನಪಟ್ಟುಕೊಳ್ಳಬೇಡಿರಿ. ಮೊದಲ ತಿಂಗಳಲ್ಲಿಯೇ ನರವನ್ನು ಬಲ್ಲ ವೈದ್ಯರಿಗೆ ತೋರಿಸಿರಿ. ಗಾಜು, ಕುಡುಗೋಲುಗಳಿಂದ ಕೊಯ್ದುಕೊಂಡು ಬೆರಳು ಮರಗಟ್ಟಿದರೆ ಚರ್ಮದ ಹೊಲಿಗೆಯಷ್ಟೇ ಸಾಲದು. ಒಳಗಿನ ನರವನ್ನು ನೋಡಿದಿರಾ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಹೆರಿಗೆಯಲ್ಲಿ ಹೆಗಲು ಸಿಕ್ಕಿಕೊಂಡು ಹುಟ್ಟಿದ ಕೂಸಿನ ತೋಳು ಆಡದಿದ್ದರೆ ಕೂಡಲೆ ತೋರಿಸಿರಿ. ಮೂರು ತಿಂಗಳಾದರೂ ಮೊಣಕೈ ಮಡಿಯದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರವನ್ನು ಮುಂದೂಡಬೇಡಿರಿ. ಮಕ್ಕಳಿಗೆ ಕುಂಡೆಯ ಮೇಲೆ ಸೂಜಿಮದ್ದು ಹಾಕಿಸಿದ ನಂತರ ಪಾದ ಜೋತುಬಿದ್ದರೆ ಅದೂ ನರದ ಪೆಟ್ಟೇ. ಇವೆಲ್ಲವುಗಳಲ್ಲಿ ಕಾಯುವುದು ತಪ್ಪಲ್ಲ. ಬಲ್ಲವರ ಕಣ್ಣಳತೆಯಲ್ಲಿ, ದಿನ ಎಣಿಸುತ್ತ ಕಾಯಬೇಕು. ಅಲ್ಲಿಯವರೆಗೆ ಕೀಲುಗಳು ಬಿಗಿಯಾಗದಂತೆ ದಿನಕ್ಕೆ ಹಲವು ಬಾರಿ ಇನ್ನೊಂದು ಕೈಯಿಂದ ಮೆಲ್ಲನೆ ಆಡಿಸುತ್ತಿರಬೇಕು. ಸ್ಪರ್ಶ ತಿಳಿಯದ ಬೆರಳನ್ನು ಒಲೆಯಿಂದಲೂ ಕುದಿಯುವ ನೀರಿನಿಂದಲೂ ಕಾಪಾಡಿಕೊಳ್ಳಬೇಕು.

ಪೆಟ್ಟಾದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಿರಿ. ಹೋದ ಕಡೆಯಲ್ಲೆಲ್ಲ ಆ ಚೀಟಿಯನ್ನು ಮೊದಲು ತೋರಿಸಿರಿ. ನಮ್ಮ ನಾಡಿನ ಯಾವ ರೈತನೂ ಇನ್ನು ಮುಂದೆ ‘ವಾಯಿದೆಯ ಮಾತನ್ನು ಯಾರೂ ಹೇಳಲಿಲ್ಲ’ ಎನ್ನುವಂತಾಗಬಾರದು. ಇದನ್ನು ಓದಿದ ತಾವು ಒಬ್ಬರಿಗಾದರೂ ಹೇಳಿದರೆ ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.